ಸೇವೆಯೂ ಕೆಲಸವೇ

ಅಮೆರಿಕದ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಯೂತ್ ಪಾಸ್ಟರ್ ಎಂಬುದೊಂದು ಸಂಬಳದ ಹುದ್ದೆ. ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗ ಹುಡುಗಿಯರನ್ನು ನಂಬಿಕೆಯ ದಾರಿಯಲ್ಲಿ ಬೆಳೆಸುವುದು ಆ ಹುದ್ದೆಯವರ ಹೊಣೆ. ಭಾನುವಾರ ಬೆಳಿಗ್ಗೆ ಬೈಬಲ್ ತರಗತಿ, ಹಲವು ಕಡೆ ಬುಧವಾರ ಸಂಜೆ ಯುವಜನ ಕೂಟ, ಬೇಸಿಗೆಯಲ್ಲಿ ಶಿಬಿರ, ಇವು ಎಲ್ಲರಿಗೂ ಕಾಣುವ ಕೆಲಸಗಳು. ಕೂಟಕ್ಕೆ ಮುಂಚೆ ಕುರ್ಚಿ ಜೋಡಿಸುವುದು, ಪಿಜ್ಜಾ ತರಿಸುವುದು, ವ್ಯಾನ್ ಓಡಿಸುವುದು, ಶಿಬಿರಕ್ಕೆ ಹೊರಟ ಪ್ರತಿ ಮಗುವಿನ ಮನೆಯಿಂದ ಸಹಿ ಹಾಕಿದ ಒಪ್ಪಿಗೆ ಪತ್ರ ತರಿಸಿಕೊಳ್ಳುವುದು, ಶಾಲೆಯ ಪಂದ್ಯಕ್ಕೆ ಹೋಗಿ ಮೈದಾನದ ಅಂಚಿನಲ್ಲಿ ನಿಲ್ಲುವುದು, ನಡುರಾತ್ರಿ ಅಳುತ್ತಾ ಫೋನ್ ಮಾಡಿದ ಹುಡುಗಿಯ ಮಾತು ಕೇಳುವುದು ಕಾಣದ ಕೆಲಸಗಳು. ಜವಾಬ್ದಾರಿಗಳ ಉದ್ದನೆಯ ಪಟ್ಟಿಯ ಕೊನೆಗೆ, ಹಿರಿಯ ಪಾಸ್ಟರ್ ವಹಿಸುವ ಇತರ ಕೆಲಸಗಳನ್ನೂ ಮಾಡತಕ್ಕದ್ದು ಎಂಬ ಅರ್ಥದ ಸಾಲೊಂದು ಸಾಮಾನ್ಯವಾಗಿ ಇರುತ್ತದೆ. ಈ ಹುದ್ದೆಗೆ ಬರುವವರಲ್ಲಿ ಬಹಳಷ್ಟು ಮಂದಿ ಎಳೆ ವಯಸ್ಸಿನವರು. ದೇವರು ತಮ್ಮನ್ನು ಇದಕ್ಕೆಂದೇ ಕರೆದಿದ್ದಾನೆ ಎಂದು ಮನಸಾರೆ ನಂಬಿ ಬಂದವರು.

ಹಾಗೆ ಬಂದವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಬೇಸತ್ತು ಹೋಗುತ್ತಾರೆ. ಯೂತ್ ಪಾಸ್ಟರ್ ಒಂದು ಕಡೆ ಸರಾಸರಿ ಹದಿನೆಂಟು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ ಎಂಬ ಮಾತು ಅಲ್ಲಿನ ಚರ್ಚ್ ವಲಯದಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಆ ಲೆಕ್ಕಕ್ಕೆ ಗಟ್ಟಿ ಆಧಾರವಿಲ್ಲ. ಆದರೂ ಕೇಳಿದವರೆಲ್ಲ ಅದನ್ನು ಸಲೀಸಾಗಿ ನಂಬಿದರು ಎಂಬುದೇ ಈ ಹುದ್ದೆಯ ಸ್ಥಿತಿಯನ್ನು ಹೇಳುತ್ತದೆ. ಬೇಸತ್ತವರಿಗೆ ಸಭೆಯಲ್ಲಿ, ಅಂದರೆ ಚರ್ಚಿನ ಸಮುದಾಯದಲ್ಲಿ, ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: ಇನ್ನಷ್ಟು ಪ್ರಾರ್ಥಿಸು, ಕರೆ ನಿಜವಾದದ್ದೇ ಎಂದು ಪರೀಕ್ಷಿಸಿಕೋ, ಗುಣುಗುಟ್ಟಬೇಡ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಉತ್ತರ ರೋಗವನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ. ಯುವಜನ ಸೇವೆಯಲ್ಲಿರುವವರ ಹತಾಶೆಗೆ ಬಹುಪಾಲು ಕಾರಣ ಅವರ ನಂಬಿಕೆಯ ಕೊರತೆಯಲ್ಲಿಲ್ಲ, ಅವರಿಗೆ ವಹಿಸಿದ ಕೆಲಸದ ರಚನೆಯಲ್ಲಿದೆ ಎಂಬುದು ಈ ಲೇಖನದ ವಾದ. ಸೇವೆ ದೇವರಿಗೇ ಸಲ್ಲಲಿ, ಅದನ್ನು ಮಾಡುವವರು ಮನುಷ್ಯರು. ಹಾಗಾಗಿ ಅದೊಂದು ಕೆಲಸವೂ ಹೌದು, ಕೆಲಸಕ್ಕೆ ಇರಬೇಕಾದ ಮಿತಿ, ನ್ಯಾಯ, ವಿಶ್ರಾಂತಿ ಅದಕ್ಕೂ ಬೇಕು.

ಈ ಹುದ್ದೆ ಹುಟ್ಟಿದ ಬಗೆಯನ್ನು ನೋಡಿದರೆ ತೊಡಕು ಎಲ್ಲಿಂದ ಶುರುವಾಯಿತು ಎಂಬುದು ತಿಳಿಯುತ್ತದೆ. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯೊಂದರ ಯುವ ನೌಕರ ಜಾರ್ಜ್ ವಿಲಿಯಮ್ಸ್ ತಮ್ಮಂಥ ನೌಕರರನ್ನು ಕೂಡಿಸಿಕೊಂಡು ವೈಎಂಸಿಎ ಎಂಬ ಕ್ರೈಸ್ತ ಯುವಜನ ಸಂಘ ಕಟ್ಟಿದರು. 1881ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಸಭಾಪಾಲಕರು ಕ್ರಿಶ್ಚಿಯನ್ ಎಂಡೆವರ್ ಸಂಘ ಆರಂಭಿಸಿದರು. ಅಲ್ಲಿ ಪ್ರಾರ್ಥನೆ ನಡೆಸುವವರು, ಸಮಿತಿಗಳಲ್ಲಿ ದುಡಿಯುವವರು ಯುವಜನರೇ ಆಗಿದ್ದರು. ಇಪ್ಪತ್ತನೇ ಶತಮಾನದ ನಡುವಿಗೆ ಬರುವಾಗ ಚಿತ್ರ ಬದಲಾಯಿತು. ಟೆಕ್ಸಸ್‌ನಲ್ಲಿ ಚರ್ಚಿಗೆ ಬಾರದ ಹೈಸ್ಕೂಲ್ ಮಕ್ಕಳನ್ನು ಹುಡುಕಿಕೊಂಡು ಹೋಗುತ್ತಿದ್ದ ಜಿಮ್ ರೇಬರ್ನ್ 1941ರಲ್ಲಿ ಯಂಗ್ ಲೈಫ್ ಸಂಸ್ಥೆ ಸ್ಥಾಪಿಸಿದರು. ಅದೇ ದಶಕದಲ್ಲಿ ಬೆಳೆದ ಯೂತ್ ಫಾರ್ ಕ್ರೈಸ್ಟ್ ಸಂಸ್ಥೆಗೆ ಮೊದಲ ಪೂರ್ಣಾವಧಿ ಕಾರ್ಯಕರ್ತರಾಗಿ ಬಂದವರು ಮುಂದೆ ಹೆಸರಾಂತ ಸುವಾರ್ತಾ ಬೋಧಕರಾದ ಬಿಲ್ಲಿ ಗ್ರಹಾಂ. ಮಕ್ಕಳ ಮನಸ್ಸು ಗೆಲ್ಲಬಲ್ಲ, ಚೈತನ್ಯದ ಯುವ ಮುಂದಾಳು ಇದ್ದರೆ ಗುಂಪು ಸೇರುತ್ತದೆ ಎಂಬುದನ್ನು ಇವು ತೋರಿಸಿಕೊಟ್ಟವು. ಮುಂದಿನ ದಶಕಗಳಲ್ಲಿ ಸ್ಥಳೀಯ ಚರ್ಚುಗಳು ಅಂಥವರನ್ನೇ ಸಂಬಳಕ್ಕೆ ಇಟ್ಟುಕೊಳ್ಳತೊಡಗಿದವು. ಇದರಿಂದ ಮಕ್ಕಳಿಗೆ ಒಳಿತಾದದ್ದು ನಿಜ. ಜೊತೆಗೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ನಡೆಯಿತು. ತಂದೆತಾಯಿ, ಹಿರಿಯರು, ಯುವಜನರು ಹಂಚಿಕೊಂಡಿದ್ದ ಹೊಣೆ ಒಬ್ಬರ ಹೆಗಲಿಗೆ ಬಂತು. ಮಕ್ಕಳು ಚರ್ಚಿಗೆ ಬಂದರೆ ಎಲ್ಲರಿಗೂ ಸಂತೋಷ, ಬಾರದಿದ್ದರೆ ಉತ್ತರ ಹೇಳಬೇಕಾದವರು ಒಬ್ಬರು.

ಆ ಒಬ್ಬರ ಕೈಯಲ್ಲಿ ನಿಜಕ್ಕೂ ಎಷ್ಟಿದೆ? ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಸಂಗಡಿಗರು ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಹದಿಹರೆಯದವರ ಧಾರ್ಮಿಕ ಬದುಕನ್ನು ಅಧ್ಯಯನ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳ ನಂಬಿಕೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಪ್ರಭಾವ ತಂದೆತಾಯಿಯದು ಎಂಬುದು ಅದರ ಮುಖ್ಯ ತೀರ್ಮಾನಗಳಲ್ಲೊಂದು. ವಾರಕ್ಕೆ ಎರಡು ಮೂರು ಗಂಟೆ ಸಿಗುವ ಯೂತ್ ಪಾಸ್ಟರ್‌ನಿಂದ, ವಾರವಿಡೀ ಜೊತೆಗಿರುವ ಮನೆ ಮಾಡಬೇಕಾದುದನ್ನು ನಿರೀಕ್ಷಿಸಿದರೆ ಆ ನಿರೀಕ್ಷೆಯಲ್ಲೇ ಸೋಲು ಅಡಗಿರುತ್ತದೆ. ಫಲ ಕಾಣಲು ಹಿಡಿಯುವ ಕಾಲವೂ ಹೊರೆಯನ್ನು ಹೆಚ್ಚಿಸುತ್ತದೆ. ಹದಿನಾಲ್ಕರಲ್ಲಿ ಬಂದ ಹುಡುಗ ಹದಿನೆಂಟಕ್ಕೆ ಕಾಲೇಜಿಗೆಂದು ಊರು ಬಿಡುತ್ತಾನೆ. ಅವನಲ್ಲಿ ಬಿತ್ತಿದ್ದು ಮೂವತ್ತರಲ್ಲಿ ಚಿಗುರಿದರೂ ನೋಡಲು ಬಿತ್ತಿದವರು ಅಲ್ಲಿರುವುದಿಲ್ಲ. ಕೈಗೆ ಸಿಗುವ ಅಳತೆಗೋಲು ಹಾಜರಾತಿ ಒಂದೇ. ಈ ಬುಧವಾರ ಎಷ್ಟು ಜನ ಬಂದಿದ್ದರು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಾ ಕೊಡುತ್ತಾ, ತಾನು ಬಂದದ್ದು ಶಿಷ್ಯರನ್ನು ರೂಪಿಸಲಿಕ್ಕೋ ತಲೆ ಎಣಿಸಲಿಕ್ಕೋ ಎಂಬ ಸಂಶಯ ಮನಸ್ಸಿನಲ್ಲಿ ಬೇರೂರುತ್ತದೆ.

ಕೆಲಸದಿಂದ ಬರುವ ಬಳಲಿಕೆಯನ್ನು ಬರ್ನೌಟ್ ಎಂದು ಕರೆದು 1974ರಲ್ಲಿ ಅದರ ಬಗ್ಗೆ ಬರೆದವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಅವರು ಅದನ್ನು ಕಂಡದ್ದು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಅಲ್ಲ, ದುಡ್ಡಿಗೆ ಆಸೆಪಡದೆ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರಲ್ಲಿ. ಅಂದರೆ ಈ ಬಳಲಿಕೆಯ ಮೊದಲ ಚಿತ್ರವೇ ಸೇವಾಮನೋಭಾವದವರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ಕೆಲಸದ ಸ್ಥಳದ ನಿರಂತರ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಬರುವ ಸ್ಥಿತಿ ಎಂದು ವಿವರಿಸಿತು. ಅದರ ಮೂರು ಗುರುತುಗಳನ್ನೂ ಹೇಳಿತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ಫಲಕಾರಿಯಲ್ಲ ಎನಿಸುವುದು. ಈ ಕ್ಷೇತ್ರದ ಹೆಸರಾಂತ ಸಂಶೋಧಕಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕಲ್ ಲೈಟರ್ ಇದರ ಮೂಲವನ್ನು ಆರು ಕಡೆ ಹುಡುಕಲು ಹೇಳುತ್ತಾರೆ: ಕೆಲಸದ ಹೊರೆ, ನಿರ್ಧರಿಸುವ ಸ್ವಾತಂತ್ರ್ಯ, ಪ್ರತಿಫಲ, ಸಹೋದ್ಯೋಗಿಗಳ ಆಸರೆ, ನ್ಯಾಯ, ಮೌಲ್ಯ.

ಈ ಆರನ್ನೂ ಯುವಜನ ಸೇವೆಗೆ ಹಿಡಿದು ನೋಡಬಹುದು. ಹೊರೆಗೆ ಅಂಚಿಲ್ಲ. ಏಕೆಂದರೆ ಮಕ್ಕಳ ಅಗತ್ಯಕ್ಕೆ ಅಂಚಿಲ್ಲ. ಸ್ವಾತಂತ್ರ್ಯ ಕಡಿಮೆ. ಕೂಟದ ಕೋಣೆಯ ಬಣ್ಣದಿಂದ ಹಾಡಿನ ಸದ್ದಿನವರೆಗೆ ಹಿರಿಯ ಪಾಸ್ಟರ್, ಸಮಿತಿ, ತಂದೆತಾಯಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿರುತ್ತದೆ. ಕೊಂಚ ಅನುಭವವಾದರೆ ಇವರು ‘ನಿಜವಾದ’ ಪಾಸ್ಟರ್ ಆಗುತ್ತಾರೆ ಎಂಬಂತೆ ಮಾತಾಡುವಾಗ ಪ್ರತಿಫಲದ ಭಾಗವಾದ ಗೌರವವೂ ಕೈತಪ್ಪುತ್ತದೆ. ಹಲವು ಚರ್ಚುಗಳಲ್ಲಿ ಈ ಹುದ್ದೆಗೆ ಒಬ್ಬರೇ ಇರುವುದರಿಂದ ಸಮಾನರ ಒಡನಾಟವಿಲ್ಲ. ತಮ್ಮ ಬೇಸರವನ್ನು ಸಭೆಯವರಲ್ಲೇ ಹೇಳಿಕೊಂಡರೆ ಅದೇ ಸುದ್ದಿಯಾದೀತೆಂಬ ಅಳುಕು ಬೇರೆ. ಮೌಲ್ಯದ ತಿಕ್ಕಾಟವನ್ನು ಶಿಷ್ಯರೋ ತಲೆ ಎಣಿಕೆಯೋ ಎಂಬ ಸಂಶಯದಲ್ಲಿ ಆಗಲೇ ಕಂಡೆವು. ನ್ಯಾಯದ ವಿಷಯದಲ್ಲಿ ಕಾನೂನಿನ ಆಸರೆಯೂ ತೆಳು. ಧಾರ್ಮಿಕ ಸಂಸ್ಥೆಗಳು ತಮ್ಮ ಧಾರ್ಮಿಕ ಸೇವಕರನ್ನು ಆರಿಸಿಕೊಳ್ಳುವ, ತೆಗೆದುಹಾಕುವ ವಿಷಯದಲ್ಲಿ ಉದ್ಯೋಗ ತಾರತಮ್ಯದ ಮೊಕದ್ದಮೆ ನಿಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಸರ್ವಾನುಮತದಿಂದ ತೀರ್ಪು ಕೊಟ್ಟಿದೆ. ಧಾರ್ಮಿಕ ಸ್ವಾತಂತ್ರ್ಯದ ದೃಷ್ಟಿಯಿಂದ ಆ ತೀರ್ಪಿಗೆ ಬಲವಾದ ಕಾರಣಗಳಿವೆ. ಆದರೆ ಹೊರಗಿನ ಬಾಗಿಲು ಮುಚ್ಚಿದಷ್ಟೂ ಒಳಗೆ ನ್ಯಾಯವಾಗಿ ನಡೆದುಕೊಳ್ಳುವ ಹೊಣೆ ಚರ್ಚಿನ ಮೇಲೆ ಹೆಚ್ಚಾಗುತ್ತದೆ.

ಹಿರಿಯ ಸಭಾಪಾಲಕರ ಸ್ಥಿತಿ ಕೂಡ ಇದೇ ದಿಕ್ಕನ್ನು ತೋರಿಸುತ್ತದೆ. ಬಾರ್ನಾ ಎಂಬ ಸಮೀಕ್ಷಾ ಸಂಸ್ಥೆ ಅಮೆರಿಕದ ಪ್ರಾಟೆಸ್ಟಂಟ್ ಪಾಸ್ಟರ್‌ಗಳನ್ನು ಪ್ರಶ್ನಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ಪೂರ್ಣಾವಧಿ ಸೇವೆ ಬಿಡುವ ಯೋಚನೆ ಗಂಭೀರವಾಗಿ ಬಂದಿತ್ತು ಎಂದವರು 2021ರ ಜನವರಿಯಲ್ಲಿ ಶೇ 29, 2022ರ ಮಾರ್ಚ್‌ನಲ್ಲಿ ಶೇ 42. ಕೋವಿಡ್ ಕಾಲದ ಬಿಕ್ಕಟ್ಟು ಇದರಲ್ಲಿ ಸೇರಿದೆ, ನಿಜ. ಆದರೆ ಹಾಗೆ ಯೋಚಿಸಿದವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಕೆಲಸದ ವಿಪರೀತ ಒತ್ತಡ, ಶೇ 56. ಎರಡನೆಯದು ಒಂಟಿತನ, ಶೇ 43. ಸಭೆಯಲ್ಲಿ ಸ್ಥಾನಮಾನ, ಅನುಭವ, ವಯಸ್ಸು ಎಲ್ಲವೂ ಇರುವವರ ಗತಿಯೇ ಇದಾದರೆ ಅವು ಯಾವುವೂ ಇಲ್ಲದ ಇಪ್ಪತ್ನಾಲ್ಕರ ಯೂತ್ ಪಾಸ್ಟರ್‌ನ ಹತಾಶೆಯನ್ನು ಅವರ ಭಕ್ತಿಯ ಅಳತೆಯೆಂದು ಓದುವುದು ಅನ್ಯಾಯ.

ಹಾಗಾದರೆ ಈ ಸರಳ ಸತ್ಯ ಸಭೆಗೆ ಯಾಕೆ ಕಾಣುವುದಿಲ್ಲ? ಕರೆಯ ಮೇಲಿನ ನಂಬಿಕೆ ಎರಡೂ ಕಡೆಗೆ ಕೊಯ್ಯುತ್ತದೆ ಎಂಬುದು ಇದಕ್ಕೆ ಉತ್ತರ. ಸ್ಟುವರ್ಟ್ ಬಂಡರ್‌ಸನ್ ಮತ್ತು ಜೆಫ್ರಿ ಥಾಂಪ್ಸನ್ ಎಂಬ ಸಂಶೋಧಕರು 2009ರಲ್ಲಿ ಮೃಗಾಲಯದ ಪ್ರಾಣಿಪಾಲಕರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಪದವೀಧರರಾಗಿದ್ದೂ ಕಡಿಮೆ ಸಂಬಳಕ್ಕೆ ಸಗಣಿ ಬಾಚುವ ಈ ಜನ ತಾವು ಹುಟ್ಟಿದ್ದೇ ಈ ಕೆಲಸಕ್ಕೆ ಎಂದು ನಂಬಿದ್ದರು. ಆ ನಂಬಿಕೆ ಅವರ ಬದುಕಿಗೆ ಅರ್ಥ ಕೊಟ್ಟಿತ್ತು. ಅದೇ ನಂಬಿಕೆಯಿಂದ ಅವರು ಹಣ, ಸಮಯ, ಆರೋಗ್ಯ ಬಿಟ್ಟುಕೊಡಲು ಸಿದ್ಧರಿದ್ದರು ಮತ್ತು ಆಡಳಿತ ತಮ್ಮನ್ನು ಬಳಸಿಕೊಳ್ಳುತ್ತಿದೆಯೇ ಎಂಬ ಎಚ್ಚರವೂ ಅವರಲ್ಲಿತ್ತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಮಾಲೆಯಲ್ಲಿ ಜೇ ಕಿಮ್ ಮತ್ತು ಸಂಗಡಿಗರು ನೋಡುವವರ ಮನಸ್ಸನ್ನು ಪರೀಕ್ಷಿಸಿದರು. ಕೆಲಸವನ್ನು ಪ್ರೀತಿಸುವವನಿಂದ ಸಂಬಳವಿಲ್ಲದೆ ಹೆಚ್ಚು ದುಡಿಸಿಕೊಳ್ಳುವುದು, ಸಂಬಂಧವಿಲ್ಲದ ಚಾಕರಿ ಮಾಡಿಸುವುದು ಅಷ್ಟೇನೂ ತಪ್ಪಲ್ಲ ಎಂದು ಜನ ಭಾವಿಸುವುದು ಕಂಡುಬಂತು. ಅವನು ಹೇಗೂ ತಾನಾಗಿಯೇ ಮಾಡುತ್ತಿದ್ದ, ಕೆಲಸವೇ ಅವನಿಗೆ ಸಂಭಾವನೆ ಎಂದು ಅವರು ಸಮಾಧಾನ ಹೇಳಿಕೊಳ್ಳುತ್ತಾರೆ. ಚರ್ಚಿನಲ್ಲಿ ಈ ಸಮಾಧಾನಕ್ಕೆ ದೇವರ ಹೆಸರೂ ಸೇರುವುದರಿಂದ ಪ್ರಶ್ನಿಸುವುದು ಇನ್ನೂ ಕಷ್ಟ. ಇದು ಚರ್ಚಿಗೆ ಮಾತ್ರ ಅಂಟಿದ ದೋಷವಲ್ಲ. ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿ ದಿನವಿಡೀ ದುಡಿದರೂ ಸರ್ಕಾರದ ಕಡತದಲ್ಲಿ ಸ್ವಯಂಸೇವಕಿಯರಾಗಿಯೇ ಉಳಿದಿದ್ದಾರೆ. ನ್ಯಾಯವಾದ ವೇತನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಮತ್ತೆ ಮತ್ತೆ ಧರಣಿ ಕೂತಿದ್ದನ್ನು ಕನ್ನಡಿಗರು ಕಂಡಿದ್ದಾರೆ. ಸೇವೆ ಎಂದು ಹೊಗಳಿ ಹಕ್ಕನ್ನು ಮರೆಯುವ ರೂಢಿ ಎಲ್ಲ ಕಡೆ ಒಂದೇ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಶಿಲುಬೆ ಹೊರುವುದೇ ಕ್ರೈಸ್ತ ಸೇವೆಯ ತಿರುಳಲ್ಲವೇ, ತ್ಯಾಗವಿಲ್ಲದ ಸೇವೆ ಸೇವೆಯೇ ಎಂದು ಕೇಳುವವರಿದ್ದಾರೆ. ಈ ಮಾತನ್ನು ಬೈಬಲ್ಲಿನ ಎದುರೇ ಇಟ್ಟು ನೋಡೋಣ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ, ಸುವಾರ್ತೆ ಸಾರುವವರಿಗೆ ಅದರಿಂದಲೇ ಜೀವನ ನಡೆಯಬೇಕೆಂಬ ಹಕ್ಕನ್ನು ಉದ್ದಕ್ಕೂ ಸಮರ್ಥಿಸಿ, ಆಮೇಲೆ ತಾನಾಗಿ ಅದನ್ನು ಬಿಟ್ಟುಕೊಡುತ್ತಾನೆ. ಹಕ್ಕು ಇರುವವನು ಬಿಟ್ಟುಕೊಟ್ಟರೆ ತ್ಯಾಗ. ಹಕ್ಕೇ ಇಲ್ಲವೆಂದು ಸಮಿತಿ ತೀರ್ಮಾನಿಸಿದರೆ ಅದಕ್ಕೆ ಆ ಹೆಸರು ಸಲ್ಲದು. ವಿಮೋಚನಕಾಂಡದ ಹದಿನೆಂಟನೇ ಅಧ್ಯಾಯದಲ್ಲಿ, ಬೆಳಗಿನಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಯನ್ನು ನೋಡಿದ ಅವನ ಮಾವ, ಹೀಗೆ ಮಾಡಿದರೆ ನೀನೂ ಸೋಲುತ್ತೀ ಜನರೂ ಸೋಲುತ್ತಾರೆ ಎಂದು ಎಚ್ಚರಿಸಿ ಕೆಲಸ ಹಂಚಿಕೊಡಲು ಹೇಳುತ್ತಾನೆ. ಅಲ್ಲಿ ಮೋಶೆಯ ಭಕ್ತಿಯನ್ನು ಯಾರೂ ಅಳೆಯುವುದಿಲ್ಲ. ಇನ್ನು ಪ್ರವಾದಿ ಎಲೀಯ. ಸಾಕಾಯಿತು, ಪ್ರಾಣ ತೆಗೆದುಕೋ ಎಂದು ದೇವರನ್ನೇ ಬೇಡಿ ಮಲಗಿದವನಿಗೆ ಮೊದಲು ಸಿಕ್ಕಿದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ಮತ್ತೆ ನಿದ್ದೆ, ಮತ್ತೊಮ್ಮೆ ಊಟ. ದೇವರು ಅವನನ್ನು ಮಾತಾಡಿಸಿದ್ದು ಆಮೇಲೆ. ಕೊನೆಗೆ ಅವನಿಗೆ ಎಲೀಷನೆಂಬ ಜೊತೆಗಾರನೂ ಸಿಕ್ಕಿದ. ಬಳಲಿದ ಸೇವಕನಿಗೆ ಬೈಬಲ್ ಬರೆದ ಔಷಧಿ ಚೀಟಿಯಲ್ಲಿ ಉಪದೇಶಕ್ಕಿಂತ ಮೊದಲು ಅನ್ನ, ನಿದ್ದೆ, ಸಂಗಾತಿ ಇವೆ.

ಎರಡನೇ ಆಕ್ಷೇಪ ದುಡ್ಡಿನದು. ಸಣ್ಣ ಸಭೆಗಳಲ್ಲಿ ಕಾಣಿಕೆಯೇ ಅಷ್ಟಕ್ಕಷ್ಟೆ, ಇನ್ನೊಬ್ಬರನ್ನು ನೇಮಿಸುವುದೆಲ್ಲಿಂದ ಎಂಬುದು ನ್ಯಾಯವಾದ ಪ್ರಶ್ನೆ. ಯುವಜನ ಸೇವೆಯ ಬಗ್ಗೆ ದೀರ್ಘಕಾಲ ಸಲಹೆ ನೀಡುತ್ತ ಬಂದಿರುವ ಮಾರ್ಕ್ ಡಿವ್ರೀಸ್ 2008ರ ತಮ್ಮ ಪುಸ್ತಕದಲ್ಲಿ ಒಂದು ಅಂದಾಜು ಸೂತ್ರ ಕೊಡುತ್ತಾರೆ: ಸುಮಾರು 50 ಮಕ್ಕಳಿಗೆ ಒಬ್ಬ ಪೂರ್ಣಾವಧಿ ಕಾರ್ಯಕರ್ತ, ಪ್ರತಿ 5 ಮಕ್ಕಳಿಗೆ ಒಬ್ಬ ವಯಸ್ಕ ಸ್ವಯಂಸೇವಕ. ಇದರಲ್ಲಿ ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಸಭೆಯ ಮನಸ್ಸು ಸಾಕು. ಮಿಂಚುವ ಒಬ್ಬ ನಾಯಕನನ್ನು ಹುಡುಕುವ ಬದಲು ಗಟ್ಟಿ ವ್ಯವಸ್ಥೆ ಕಟ್ಟಿ ಎಂಬುದೇ ಅವರ ಪುಸ್ತಕದ ಸಾರ. ಮಾಸ್ಲಾಕ್ ಹೇಳುವ ಆರರಲ್ಲಿ ನಾಲ್ಕಕ್ಕೆ, ಅಂದರೆ ಸ್ವಾತಂತ್ರ್ಯ, ಆಸರೆ, ನ್ಯಾಯ, ಮೌಲ್ಯಕ್ಕೆ, ಹೆಚ್ಚಿನ ಖರ್ಚಿಲ್ಲ. ಹೊರೆ ಇಳಿಸಲು ಕಾರ್ಯಕ್ರಮಗಳನ್ನು ಕಡಿಮೆ ಮಾಡಬಹುದು. ಇಬ್ಬರನ್ನು ಇಟ್ಟುಕೊಳ್ಳಲಾಗದ ಸಭೆ ಇಬ್ಬರ ಕೆಲಸವನ್ನು ಒಬ್ಬರಿಂದ ಬಯಸಬಾರದು, ಅಷ್ಟೇ.

ಮೂರನೇ ಆಕ್ಷೇಪ: ಹೀಗೆ ಗಂಟೆ, ರಜೆ, ಪಟ್ಟಿ ಎಂದು ಹೊರಟರೆ ಸೇವೆ ಬರೀ ನೌಕರಿಯಾಗುವುದಿಲ್ಲವೇ? ಮಕ್ಕಳಿಗೆ ಬೇಕಾದದ್ದು ಹೃದಯ, ಸಮಯಪಟ್ಟಿಯಲ್ಲ ಎಂಬ ಮಾತಿನಲ್ಲಿ ತೂಕವಿದೆ. ಆದರೆ ಮನೆಯಲ್ಲಿ ಜಗಳ, ಶಾಲೆಯಲ್ಲಿ ಅವಮಾನ ಕಂಡ ಹದಿಹರೆಯದ ಮಗುವಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ವರ್ಷಗಟ್ಟಲೆ ಬಿಟ್ಟುಹೋಗದೆ ಇರುವ ಒಬ್ಬ ಹಿರಿಯ. ಎರಡು ವರ್ಷ ಹಗಲುರಾತ್ರಿ ದುಡಿದು ಮೂರನೇ ವರ್ಷ ಕಾಣೆಯಾಗುವವರು ಎಷ್ಟೇ ಪ್ರೀತಿಯವರಾದರೂ ಆ ಮಗುವಿಗೆ ಇನ್ನೊಂದು ಅಗಲಿಕೆಯನ್ನೇ ಉಳಿಸಿ ಹೋಗುತ್ತಾರೆ. ಮಿತಿ ಇರುವುದು ಪ್ರೀತಿಯನ್ನು ಕಡಿಮೆ ಮಾಡಲಿಕ್ಕಲ್ಲ, ಅದು ಬಾಳುವಂತೆ ಮಾಡಲಿಕ್ಕೆ.

ಹತಾಶೆಯಲ್ಲಿರುವವರು ತಾವೇ ಮಾಡಬಹುದಾದದ್ದೂ ಇದೆ. ಮೊದಲು ಬೇಸರದ ಬಗೆಯನ್ನು ಗುರುತಿಸಿಕೊಳ್ಳಬೇಕು. ದಣಿವಿಗೆ ವಿಶ್ರಾಂತಿ ಮದ್ದು. ಭಾನುವಾರವೇ ದುಡಿಯುವ ದಿನವಾದವರಿಗೆ ವಾರದಲ್ಲಿ ಬೇರೊಂದು ದಿನ, ಫೋನ್ ಬೇರೆಯವರ ಕೈಯಲ್ಲಿರುವ ದಿನ, ಖಾಯಂ ಬೇಕು. ಕೈಕಟ್ಟಿದಂತಾಗಿರುವುದೇ ಬೇಸರಕ್ಕೆ ಕಾರಣವಾದರೆ ಎಷ್ಟು ರಜೆ ಕೊಟ್ಟರೂ ಅದು ಹೋಗದು. ಅದಕ್ಕೆ ಮಾತುಕತೆಯೇ ದಾರಿ. ಒಂದು ತಿಂಗಳ ಕೆಲಸವನ್ನು ಗಂಟೆಯ ಲೆಕ್ಕದಲ್ಲಿ ಬರೆದು ಸಮಿತಿಯ ಮುಂದಿಟ್ಟು, ಇದರಲ್ಲಿ ಯಾವುದನ್ನು ಬಿಡಲಿ ಎಂದು ಕೇಳಿದರೆ ದೂರಾಗಿ ಕೇಳಿಸುತ್ತಿದ್ದದ್ದು ಎಲ್ಲರೂ ಬಿಡಿಸಬೇಕಾದ ಲೆಕ್ಕವಾಗುತ್ತದೆ. ಫಲ ಕಾಣುತ್ತಿಲ್ಲ ಎಂಬ ಕೊರಗಾದರೆ ಅಳತೆಯನ್ನು ಬದಲಾಯಿಸಬೇಕು. ಎಷ್ಟು ಮಂದಿ ಬಂದರು ಎಂಬುದರ ಪಕ್ಕದಲ್ಲಿ, ಎಷ್ಟು ಮಕ್ಕಳಿಗೆ ಕಷ್ಟದಲ್ಲಿ ಕರೆಯಬಹುದಾದ ಹಿರಿಯರೊಬ್ಬರು ಸಭೆಯಲ್ಲಿ ಸಿಕ್ಕಿದ್ದಾರೆ ಎಂದೂ ನೋಡಬೇಕು. ತಮ್ಮ ಸಭೆಗೆ ಸೇರದ ಒಬ್ಬ ಗೆಳೆಯ, ಬೇರೆ ಸಭೆಯಲ್ಲಿ ಇದೇ ಸೇವೆಯಲ್ಲಿರುವ ಇಬ್ಬರು ಮೂವರು ಇದ್ದರೆ ಒಂಟಿತನ ಅರ್ಧ ಇಳಿಯುತ್ತದೆ. ಇಷ್ಟೆಲ್ಲ ಮಾಡಿಯೂ ಸಭೆ ಕಿವಿಗೊಡದಿದ್ದರೆ ಗೌರವದಿಂದ ಬಿಟ್ಟು ಹೊರಡುವುದು ಸೋಲಲ್ಲ, ಒಂದು ಹುದ್ದೆ ಮುಗಿದರೆ ಕರೆ ಮುಗಿಯಿತೆಂದೂ ಅಲ್ಲ. ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕುವುದೇ ಬೇಡವೆನಿಸಿದರೆ ಅದು ಕೆಲಸದ ಬೇಸರವನ್ನು ದಾಟಿದ ಸ್ಥಿತಿ. ಆಗ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಬೇಕು. ನಮ್ಮ ದೇಶದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕರ್ನಾಟಕದಲ್ಲಿ ಹುದ್ದೆಯ ಹೆಸರು ಬೇರೆ, ಕಷ್ಟ ಅದೇ. ಬೆಂಗಳೂರಿನ ಕೆಲವು ದೊಡ್ಡ ಚರ್ಚುಗಳಲ್ಲಿ ಯೂತ್ ಪಾಸ್ಟರ್ ಇದ್ದಾರೆ. ಉಳಿದ ಕಡೆ ಬಹುಪಾಲು ಈ ಸೇವೆ ಬೇರೆ ಕೆಲಸಗಳ ಮೇಲೊಂದು ಕೆಲಸವಾಗಿ ಬರುತ್ತದೆ. ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್‌ಐ) ಸಭೆಗಳಲ್ಲಿ ಹಲವು ಹಳ್ಳಿಗಳ ಹೊಣೆ ಹೊತ್ತ ಸಭಾಪಾಲಕರು ಯೌವನಸ್ಥರ ಕೂಟವನ್ನೂ ನೋಡಿಕೊಳ್ಳಬೇಕು. ಕಥೋಲಿಕ ಧರ್ಮಕೇಂದ್ರಗಳಲ್ಲಿ ಯುವಜನರ ಹೊಣೆ ಹೊತ್ತ ಗುರುಗಳಿಗೆ ಕೆಲಸ ಹಿಡಿತಕ್ಕೆ ಸಿಗುವ ಹೊತ್ತಿಗೆ ವರ್ಗಾವಣೆ. ಇನ್ನು ಸಂಡೇ ಸ್ಕೂಲ್ ಶಿಕ್ಷಕಿಯರು ವಾರವಿಡೀ ಶಾಲೆಯಲ್ಲೋ ಕಚೇರಿಯಲ್ಲೋ ದುಡಿದು ಭಾನುವಾರ ಮಕ್ಕಳೆದುರು ನಿಲ್ಲುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ವಿಬಿಎಸ್ ಎಂಬ ರಜಾಕಾಲದ ಬೈಬಲ್ ಶಾಲೆಗಾಗಿ ಸ್ವಂತ ರಜೆ ಹಾಕುತ್ತಾರೆ, ಚಾರ್ಟು, ಬಣ್ಣದ ಕಾಗದ, ಮಕ್ಕಳ ತಿಂಡಿಗೆ ಕೈಯಿಂದ ದುಡ್ಡು ಹಾಕುತ್ತಾರೆ. ಇವರಿಗೆ ಸಂಬಳದ ಪ್ರಶ್ನೆಯಿಲ್ಲದಿರಬಹುದು, ಬಳಲಿಕೆಯ ಪ್ರಶ್ನೆ ಇದ್ದೇ ಇದೆ.

ಆದ್ದರಿಂದ ಮೊದಲ ಹೆಜ್ಜೆ ಇಡಬೇಕಾದದ್ದು ಬಳಲಿದವರಲ್ಲ, ಸಭೆ. ಯುವಜನ ಸೇವೆಯಲ್ಲಿರುವವರ ಕೆಲಸವನ್ನು ಕಾಗದದ ಮೇಲೆ ಬರೆದು ಮಿತಿ ಹಾಕಬೇಕು. ಅವರ ಕಷ್ಟಸುಖ ಕೇಳಲೆಂದೇ ಇಬ್ಬರು ಮೂವರು ಹಿರಿಯರನ್ನು ಗೊತ್ತುಮಾಡಬೇಕು. ಖರ್ಚಾದದ್ದನ್ನು ಕೇಳುವ ಮೊದಲೇ ಕೊಡಬೇಕು. ತಂದೆತಾಯಿಯರು ಮಕ್ಕಳನ್ನು ಕೂಟದ ಬಾಗಿಲಿಗೆ ಬಿಟ್ಟು ಹೋಗುವುದರ ಬದಲು ಸರದಿಯ ಮೇಲೆ ಒಳಗೆ ಬಂದು ಕೂರಬೇಕು. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಯುವಜನ ಸೇವೆಯ ವರದಿ ಓದಿದಾಗ, ಎಷ್ಟು ಮಕ್ಕಳು ಬಂದರು ಎಂದು ಕೇಳುವ ಮೊದಲು, ಮುಂದಿನ ವರ್ಷ ಇವರ ಕೈಯಿಂದ ನಾವು ಯಾವ ಕೆಲಸ ತೆಗೆದುಕೊಳ್ಳುತ್ತೇವೆ ಎಂದು ಯಾರಾದರೂ ಎದ್ದು ಕೇಳಲಿ. ಆ ಪ್ರಶ್ನೆಗೆ ಉತ್ತರವಾಗಿ ಹೆಸರು ಕೊಡುವ ನಾಲ್ಕು ಜನ ಇರುವ ಸಭೆಯಲ್ಲಿ ಕರೆ ಹೊತ್ತು ಬಂದವರು ಉಳಿಯುತ್ತಾರೆ, ಅವರನ್ನು ನಂಬಿದ ಮಕ್ಕಳೂ ಉಳಿಯುತ್ತಾರೆ.